ಮರಳಿನ ಸಾಕ್ಷ್ಯವನ್ನೂ ಕೇಳಬೇಕು

2023ರ ಜುಲೈ 13ರಂದು ದೆಹಲಿಯ ಹಳೆಯ ರೈಲ್ವೆ ಸೇತುವೆಯ ಬಳಿ ಯಮುನೆಯ ಮಟ್ಟ 208.66 ಮೀಟರಿಗೆ ಏರಿ, 1978ರ 207.49 ಮೀಟರಿನ ದಾಖಲೆಯನ್ನು ಮುರಿಯಿತು. ಎಂದೋ ಪೂರ್ವಕ್ಕೆ ಸರಿದಿದ್ದ ನದಿ ಮತ್ತೆ ಕೆಂಪುಕೋಟೆಯ ಗೋಡೆಯನ್ನು ಮುಟ್ಟಿತು. ಮಯೂರ್ ವಿಹಾರದಲ್ಲಿ ಒಡ್ಡಿನ ಈಚೆಗೆ ನೆಲೆಸಿರುವ ನಾವು ಸುರಕ್ಷಿತರಾಗಿದ್ದೆವು. ಒಡ್ಡಿನ ಆಚೆ, ನದಿಬಯಲಿನಲ್ಲಿ ತರಕಾರಿ ಬೆಳೆಯುತ್ತಿದ್ದವರು ಮಾತ್ರ ಮೇಲ್ಸೇತುವೆಗಳ ಅಡಿಯಲ್ಲಿ ಆಶ್ರಯ ಪಡೆದರು.

ಆ ನೆರೆಯಲ್ಲಿ ಒಂದು ಒಗಟಿದೆ. 2019ರಲ್ಲಿ ಹಥಿನಿಕುಂಡ್ ಅಣೆಕಟ್ಟಿನಿಂದ ಎಂಟು ಲಕ್ಷ ಕ್ಯೂಸೆಕ್ಕಿಗೂ ಹೆಚ್ಚು ನೀರು ಹರಿದಾಗ ದೆಹಲಿಯಲ್ಲಿ ಮಟ್ಟ 207 ಮೀಟರನ್ನು ದಾಟಿರಲಿಲ್ಲ. 2023ರಲ್ಲಿ ಅದರ ಅರ್ಧಕ್ಕಿಂತ ಕಡಿಮೆ ನೀರು ಅದಕ್ಕಿಂತ ಎತ್ತರಕ್ಕೆ ಏರಿತು. ತೆರೆಯದೆ ಸಿಕ್ಕಿಕೊಂಡ ಗೇಟುಗಳು, ನದಿಯನ್ನು ಕಿರಿದಾಗಿಸಿದ ಕಟ್ಟಡಗಳು, ಪಾತ್ರದಲ್ಲಿ ತುಂಬಿದ ಹೂಳು ಎಂದು ಕಾರಣಗಳನ್ನು ಎಣಿಸಲಾಯಿತು. ಆದರೆ ಯಾವ ದಶಕದಲ್ಲಿ ಎಷ್ಟು ಹೂಳು ಕೂಡಿತು ಎಂಬುದು ತಿಳಿಯದೆ ಈ ಕಾರಣಗಳ ತೂಕವನ್ನು ನಿರ್ಣಯಿಸಲಾಗದು. ಅದನ್ನು ಹೇಳಬಲ್ಲ ಸಾಕ್ಷಿ ನೆಲದಲ್ಲಿಯೇ ಇದೆ.

ಮರಳಿನ ಕಣ ಮಣ್ಣಿನಡಿ ಹೂತುಹೋದ ಕ್ಷಣದಿಂದ ಕಾಲವನ್ನು ಎಣಿಸತೊಡಗುತ್ತದೆ. ಸುತ್ತಣ ಮಣ್ಣಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣವೂ ವಿಶ್ವಕಿರಣವೂ ಅದರ ಹರಳಿನೊಳಗೆ ಎಲೆಕ್ಟ್ರಾನುಗಳನ್ನು ಸೆರೆಹಿಡಿಸುತ್ತವೆ. ಸೂರ್ಯನ ಬೆಳಕು ತಗುಲಿದರೆ ಆ ಲೆಕ್ಕವೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದಲೇ ಮಾದರಿಯನ್ನು ಬೆಳಕು ಹೋಗದ ಕೊಳವೆಯಲ್ಲಿ ತೆಗೆದು, ಮಂದವಾದ ಕೆಂಪು ದೀಪದಡಿ ಸಿದ್ಧಪಡಿಸುತ್ತಾರೆ. ಪ್ರಯೋಗಾಲಯದಲ್ಲಿ ನಿಯಂತ್ರಿತ ಬೆಳಕು ಬೀರಿದಾಗ ಕಣವು ಹೊಮ್ಮಿಸುವ ಮಿನುಗನ್ನು ಅಳೆದು, ಅದು ಒಟ್ಟು ಹೀರಿಕೊಂಡ ವಿಕಿರಣವನ್ನು ವರ್ಷಕ್ಕೆ ದೊರೆಯುವ ವಿಕಿರಣದಿಂದ ಭಾಗಿಸಿದರೆ ಹೂತುಹೋದ ಕಾಲ ತಿಳಿಯುತ್ತದೆ. 1985ರಲ್ಲಿ ರೂಪುಗೊಂಡ ಈ ವಿಧಾನದಿಂದಲೇ, ಸಟ್ಲೆಜ್ ನದಿ ಘಗ್ಗರ್ ಪಾತ್ರವನ್ನು ತೊರೆದುದು ಹರಪ್ಪದ ನಗರಗಳು ಏಳುವುದಕ್ಕೆ ಬಹಳ ಹಿಂದೆ ಎಂದು 2017ರ ಅಧ್ಯಯನವೊಂದು ತೋರಿಸಿತು.

ಸಾವಿರಾರು ವರ್ಷಗಳಿಗೆ ಒಗ್ಗಿದ ಈ ಗಡಿಯಾರ ಐವತ್ತು ವರ್ಷಗಳಿಗೆ ಒಗ್ಗೀತೇ ಎಂಬ ಆಕ್ಷೇಪ ನ್ಯಾಯವಾದದ್ದು. ಸಾವಿರ ವರ್ಷಕ್ಕೆ ಸುಮಾರು 2ರಿಂದ 4 ಗ್ರೇ ವಿಕಿರಣ ದೊರೆಯುವಲ್ಲಿ 1978ರ ಮರಳಿಗೆ ದಕ್ಕಿರುವುದು 0.1ರಿಂದ 0.2 ಗ್ರೇ ಮಾತ್ರ. ಹಿಮಾಲಯದಿಂದ ಬಂದ ಕ್ವಾರ್ಟ್ಜಿನ ಮಿನುಗು ಸಾಮಾನ್ಯವಾಗಿ ಮಂದ. ಕೆಸರು ನೀರಿನಲ್ಲಿ, ರಾತ್ರಿಯಲ್ಲಿ ಉರುಳಿ ಬಂದ ಕಣಗಳ ಹಳೆಯ ಲೆಕ್ಕ ಪೂರ್ತಿ ಅಳಿದಿರುವುದಿಲ್ಲ. ಅಂಥವು ತಮ್ಮ ವಯಸ್ಸನ್ನು ಹೆಚ್ಚಾಗಿ ಹೇಳುತ್ತವೆ. ಈ ದೋಷಕ್ಕೆ ಪರಿಹಾರವೂ ಉಂಟು. ಒಂದೊಂದೇ ಕಣವನ್ನು ಅಳೆದು, ಚೆನ್ನಾಗಿ ಬಿಸಿಲುಂಡ ಕಣಗಳನ್ನು ಬೇರ್ಪಡಿಸಬಹುದು. 2023ರ ನೆರೆ ಬಿಟ್ಟುಹೋದ ಹೂಳಿನ ವಯಸ್ಸು ಶೂನ್ಯದ ಹತ್ತಿರ ಬರಬೇಕು; ಬಾರದಿದ್ದರೆ ಆ ಅಂತರವೇ ದೋಷದ ಅಳತೆ. ದಿನಾಂಕ ತಿಳಿದಿರುವ ನೆರೆಗಳುಳ್ಳ ಈ ಬಯಲು ಇಂಥ ಪರೀಕ್ಷೆಗೆ ಹೇಳಿಮಾಡಿಸಿದಂತಿದೆ. ಕಳೆದ ಮುನ್ನೂರು ವರ್ಷಗಳ ವಿಷಯದಲ್ಲಿ ರೇಡಿಯೋಕಾರ್ಬನ್ ಅಸ್ಪಷ್ಟವಾಗಿಯೇ ಮಾತನಾಡುವುದರಿಂದ, ಇದಕ್ಕಿಂತ ಉತ್ತಮ ಸಾಕ್ಷಿಗಳು ನಮಗೆ ಹೆಚ್ಚಿಲ್ಲ.

ಇದು ಬರಿಯ ವಿದ್ವತ್ತಿನ ವಿಷಯವಲ್ಲ. ಅಕ್ಷರಧಾಮದ ಬಳಿಯ ಕಾಮನ್‌ವೆಲ್ತ್ ಕ್ರೀಡಾಗ್ರಾಮದ ನೆಲ ನದಿಪಾತ್ರವೂ ಅಲ್ಲ, ನೆರೆಬಯಲೂ ಅಲ್ಲ ಎಂದು ಸುಪ್ರೀಂ ಕೋರ್ಟು 2009ರಲ್ಲಿ ತೀರ್ಪಿತ್ತಿತು. ಇಪ್ಪತ್ತೈದು ವರ್ಷಕ್ಕೊಮ್ಮೆ ಬರುವ ನೆರೆಯ ವ್ಯಾಪ್ತಿಯನ್ನು ಆಧರಿಸಿ ಬಯಲನ್ನು ಗುರುತಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು. ಅಲ್ಲಿ ತಿನ್ನುವ ಬೆಳೆ ಬೆಳೆಯುವುದನ್ನೂ ನಿಷೇಧಿಸಿತು. ಕಾಂಕ್ರೀಟು ಉಳಿಯಿತು, ಸೌತೆಬಳ್ಳಿ ಅಪರಾಧಿಯಾಯಿತು. ಇಂಥ ಗೆರೆಗಳನ್ನು ಕೆಲವೇ ದಶಕಗಳ ಮಾಪನದ ಮೇಲೆ ಎಳೆಯಲಾಗುತ್ತದೆ. ಒಡ್ಡು ಕಟ್ಟಿದ ಮೇಲೆ ಬಂದ ಅಂಕಿಗಳು ಒಡ್ಡಿಲ್ಲದ ನದಿಯ ಅಗಲವನ್ನು ಹೇಗೆ ಹೇಳಬಲ್ಲವು?

ಶಾಸನವನ್ನು ಓದದೆ ಊರಿನ ಚರಿತ್ರೆ ಬರೆಯುವವರನ್ನು ಕನ್ನಡದ ವಿದ್ವತ್ತು ಒಪ್ಪುವುದಿಲ್ಲ. ನದಿಯ ವಿಷಯದಲ್ಲೂ ಆ ಶಿಸ್ತು ಬೇಕು. ಬಯಲಿನ ಗಡಿಯನ್ನು ನಿರ್ಧರಿಸುವ ಮುನ್ನ ಒಡ್ಡಿನ ಎರಡೂ ಕಡೆ ಗುಂಡಿ ತೋಡಿ, ಪದರಪದರದ ಕಾಲನಿರ್ಣಯ ಮಾಡಿಸಿ, ಫಲಿತಾಂಶವನ್ನು ಅದರ ದೋಷದ ಅಂಕಿಯೊಡನೆ ಸಾರ್ವಜನಿಕರ ಮುಂದಿಡಬೇಕೆಂಬುದು ನಮ್ಮ ಅಭಿಮತ. ಆ ವರದಿ ನಮ್ಮ ವಸತಿಗಳ ನೆಲವೂ ಈಚಿನವರೆಗೆ ನದಿಯದೇ ಆಗಿತ್ತೆಂದು ಹೇಳಿದರೆ ಅದನ್ನು ಒಪ್ಪಿಕೊಳ್ಳುವ ಧೈರ್ಯ ನಮಗಿರಬೇಕು. ಆಗ ನದಿಯ ಜಾಗವನ್ನು ಬಿಟ್ಟುಕೊಡುವ ಹೊಣೆ ತರಕಾರಿ ಬೆಳೆಯುವವರೊಬ್ಬರದೇ ಆಗಿ ಉಳಿಯುವುದಿಲ್ಲ.