ಕಚ್ಚಿಕೊಂಡ ಬೋಲ್ಟು

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಗಾಳಿಯೂ ಬೇಕೆಂಬುದನ್ನು ಹೈಸ್ಕೂಲಿನ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಮೂರು ಪ್ರನಾಳಗಳಲ್ಲಿ ಮೂರು ಮೊಳೆಗಳನ್ನಿಟ್ಟು ಮಾಡುವ ಪ್ರಯೋಗದ ಚಿತ್ರ ಬರೆದು ಅಂಕ ಗಳಿಸದವರು ವಿರಳ. ಆದರೆ ಅದೇ ವಿದ್ಯಾರ್ಥಿಯ ಮನೆಯ ಕಾರು ರೋಣದಲ್ಲಿಯೋ ನರಗುಂದದಲ್ಲಿಯೋ ಗ್ಯಾರೇಜಿನ ಮುಂದೆ ಚಕ್ರ ಕಳಚಿಕೊಂಡು ಎರಡು ದಿನ ನಿಂತಾಗ, “ಬೋಲ್ಟ್ ಜಾಮ್ ಆಗೇತ್ರಿ” ಎಂಬ ಮೇಸ್ತ್ರಿಯ ಮಾತಿಗೂ ಆ ಮೂರು ಪ್ರನಾಳಗಳಿಗೂ ಸಂಬಂಧವುಂಟೆಂದು ಅವನಿಗೆ ಹೊಳೆಯುವುದಿಲ್ಲ. ಸಂಬಂಧವುಂಟು. ಅದನ್ನು ತಿಳಿಯದೆ ಮಾಡುವ ಕೆಲಸದಿಂದ ಪ್ರಾಣಕ್ಕೆ ಅಪಾಯವೂ ಉಂಟು. ಕಚ್ಚಿಕೊಂಡ ಬೋಲ್ಟನ್ನು ಬಿಡಿಸುವುದು ತೋಳ್ಬಲದ ಕೆಲಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದು ಮೊದಲು ಪರೀಕ್ಷಿಸುವ ಕೆಲಸ, ಎಷ್ಟೋ ವೇಳೆ ಗರಗಸದ ಕೆಲಸ. ಬಲಕ್ಕೆ ಅಲ್ಲಿ ಕೊನೆಯ ಸ್ಥಾನ ಎಂಬುದು ನಮ್ಮ ಅಭಿಪ್ರಾಯ.

ಯಾವ ಬೋಲ್ಟಿನ ಮಾತು ಇದು? ಕಾರಿನ ಮುಂದಿನ ಚಕ್ರವನ್ನು ಗಾಡಿಯ ಮೈಗೆ ಕೂಡಿಸುವ ಉಕ್ಕಿನ ತೋಳೊಂದುಂಟು. ಮೇಸ್ತ್ರಿಗಳು ಅದನ್ನು ಲೋವರ್ ಆರ್ಮ್ ಎನ್ನುವರು. ರಸ್ತೆಯ ತಗ್ಗುದಿನ್ನೆಗಳಿಗೆ ತಕ್ಕಂತೆ ಈ ತೋಳು ಮೇಲೆ ಕೆಳಗೆ ಆಡುವುದು. ಅದು ಆಡುವ ಕೀಲಿನಲ್ಲಿ ಬುಷ್ ಎಂಬ ರಬ್ಬರಿನ ಉರುಳೆಯಿದೆ. ರಬ್ಬರಿನ ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಉಕ್ಕಿನ ಕೊಳವೆ. ಅನೇಕ ಕಾರುಗಳಲ್ಲಿ ಒಳಕೊಳವೆಯೊಳಗಿಂದ ಹಾಯ್ದು, ಗಾಡಿಯ ಮೈಯ ಎರಡು ಕಿವಿಗಳ ನಡುವೆ ಅದನ್ನು ಅದುಮಿ ಹಿಡಿಯುವುದೇ ಈ ಬೋಲ್ಟು. ಹಿಂದಿನ ಕಾಲದ ಗಾಡಿಗಳಲ್ಲಿ ಇಂಥ ಕೀಲುಗಳು ಲೋಹದವೇ ಆಗಿದ್ದು, ಅವುಗಳಿಗೆ ಆಗಾಗ ಗ್ರೀಸ್ ತುಂಬಬೇಕಾಗಿತ್ತು. ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚದೆ ದೂರದ ಜಾತ್ರೆಗೆ ಹೊರಡುವ ರೈತನೂ ಇರಲಿಲ್ಲ. ರಬ್ಬರಿನ ಬುಷ್ ಬಂದು ಆ ಶ್ರಮವನ್ನು ತಪ್ಪಿಸಿತು. ಜೊತೆಗೆ, ಆ ಬೋಲ್ಟು ಇದೆಯೆಂಬುದನ್ನೇ ಮರೆಯುವ ಅಭ್ಯಾಸವನ್ನೂ ತಂದಿತು. ಬುಷ್ ಹರಿದು ಗಾಡಿ ಕಟಕಟ ಸದ್ದು ಮಾಡುವವರೆಗೆ, ವರ್ಷಗಟ್ಟಲೆ, ಅದನ್ನು ಯಾರೂ ಮುಟ್ಟುವುದಿಲ್ಲ.

ರೋಣ, ನರಗುಂದ, ಗಜೇಂದ್ರಗಡಗಳು ಮಳೆ ಕಡಿಮೆಯಾದ ಸೀಮೆ. ಕರಾವಳಿಯ ಉಪ್ಪುಗಾಳಿ ಇಲ್ಲಿಗೆ ಬಾರದು. ಚಳಿದೇಶಗಳಲ್ಲಿ ಹಿಮ ಕರಗಿಸಲು ರಸ್ತೆಯ ಮೇಲೆ ಉಪ್ಪು ಚೆಲ್ಲುವಂತೆ ಇಲ್ಲಿ ಯಾರೂ ಚೆಲ್ಲುವುದಿಲ್ಲ. ಹಾಗಿದ್ದರೂ ಬೋಲ್ಟು ಕಚ್ಚಿಕೊಳ್ಳುವುದೇಕೆ? ಉತ್ತರ ಕಾಲಡಿಯಲ್ಲಿಯೇ ಇದೆ. ನರಗುಂದ, ರೋಣಗಳ ಬಯಲು ಎರೆಭೂಮಿ. ಎರೆಯಲ್ಲಿ 0.002 ಮಿಲಿಮೀಟರಿಗಿಂತ ಸಣ್ಣದಾದ ಜೇಡಿಯ ಕಣಗಳು ಹೇರಳವಾಗಿವೆ. ಮಳೆ ನಿಂತ ಮೇಲೂ ಹಿಂಗಾರಿ ಜೋಳ, ಕಡಲೆಗಳನ್ನು ಬೆಳೆಸಿ ಕೊಡುವ ಅದರ ಗುಣ ಯಾವುದು? ಹಿಡಿದ ತೇವವನ್ನು ಬಿಡದಿರುವುದು. ಮಣ್ಣಿನ ಆ ಗುಣವೇ ಉಕ್ಕಿಗೆ ಶತ್ರು. ಹೊಲದ ದಾರಿಯಲ್ಲಿ ಬಂದ ಗಾಡಿಯ ಅಡಿಗೆ ಮೆತ್ತಿಕೊಂಡ ಎರೆಯ ಹೆಂಟೆ ಹೊರಗೆ ಒಣಗಿ ಬಿರಿದಿದ್ದರೂ ಒಳಗೆ ದಿನಗಟ್ಟಲೆ ಹಸಿಯಾಗಿಯೇ ಇರುವುದು. ಮಲಪ್ರಭಾ ಕಾಲುವೆಯ ಕೆಳಗೆ ಸವಳು-ಜವಳಾದ ನೆಲದ ಕೆಸರಾದರೆ ಅದರಲ್ಲಿ ಲವಣವೂ ಸೇರಿರುವುದು. 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆ ಉಕ್ಕಿ ಈ ಭಾಗದ ಊರುಗಳಿಗೆ ನುಗ್ಗಿತ್ತು. ಅಂಥ ನೀರಿನಲ್ಲಿ ನಿಂತ ಗಾಡಿಯ ಕೀಲುಕೀಲಿಗೂ ಮೆಕ್ಕಲು ಸೇರದೆ ಇರದು. ಗಜೇಂದ್ರಗಡದ ಗುಡ್ಡದ ಕಡೆಯ ಮಸಾರಿ ಬೇಗ ಒಣಗಿ ಉದುರುವುದೇನೋ ನಿಜ. ಆದರೆ ಗುಡ್ಡದ ಗಾಡಿಗಳೂ ಎರೆಯ ಬಯಲಿಗೆ ಇಳಿಯಲೇಬೇಕಷ್ಟೆ!

ಇನ್ನು ಬೋಲ್ಟಿನ ಒಳಗುಟ್ಟನ್ನು ನೋಡೋಣ. ಬೋಲ್ಟಿಗೂ ಒಳಕೊಳವೆಗೂ ನಡುವೆ ಕೂದಲೆಳೆಯಷ್ಟು ಸಂದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಕೇಶಾಕರ್ಷಣೆಯಿಂದಲೇ ಈ ಸಂದಿಗೆ ನೀರು ಸೇರುವುದು. ಅಲ್ಲಿಗೆ ಬಿಸಿಲಿಲ್ಲ, ಗಾಳಿಯಾಟವಿಲ್ಲ. ಹೋದ ನೀರು ಸುಲಭವಾಗಿ ಹೊರಬರದು. ಸಂದಿಯ ಬಾಯಲ್ಲಿ ಆಮ್ಲಜನಕ ಹೆಚ್ಚು, ಆಳದಲ್ಲಿ ಕಡಿಮೆ. ಈ ವ್ಯತ್ಯಾಸದಿಂದ ಒಂದೇ ಲೋಹದ ಎರಡು ಭಾಗಗಳ ನಡುವೆ ಒಂದು ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು, ಆಮ್ಲಜನಕ ಕಡಿಮೆಯಾದ ಕಡೆಯಲ್ಲಿ ಕಬ್ಬಿಣ ಕರಗತೊಡಗುವುದು. ಹಾಗೆ ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗವನ್ನು ಬೇಡುವುದು. ಸಂದಿಯಲ್ಲಿ ಅಷ್ಟು ಜಾಗವೆಲ್ಲಿ? ಆದುದರಿಂದ ಅದು ಬೋಲ್ಟನ್ನೂ ಕೊಳವೆಯನ್ನೂ ಒತ್ತಿ, ಬೆಣೆ ಬಡಿದಂತೆ ಒಂದುಗೂಡಿಸಿಬಿಡುವುದು.

ಇಷ್ಟು ತಿಳಿದ ಮೇಲೆ, ಬೋಲ್ಟು ಎಲ್ಲಿ ಕಚ್ಚಿಕೊಂಡಿದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ನಟ್ಟು ಬಿಚ್ಚಿ ಬಂದಿದೆ, ಆದರೂ ಬೋಲ್ಟು ಹೊರಬಾರದು. ಪಾನಾ ಹಾಕಿ ತಿರುವಿದರೆ ಸ್ವಲ್ಪ ತಿರುಗಿ, ಬಿಟ್ಟೊಡನೆ ಸ್ಪ್ರಿಂಗಿನಂತೆ ಹಿಂದಕ್ಕೆ ಬರುವುದು. ಇದು ರಬ್ಬರಿನ ಸಾಕ್ಷ್ಯ. ಬೋಲ್ಟು ಒಳಕೊಳವೆಗೆ ಅಂಟಿ, ಕೊಳವೆಯೊಂದಿಗೆ ರಬ್ಬರನ್ನೂ ತಿರುಚುತ್ತಿದೆ ಎಂದರ್ಥ. ಹಾಗಲ್ಲದೆ, ಗಾಡಿಯ ಮೈಗೇ ಬೆಸೆದ ನಟ್ಟಿನ ಎಳೆಗಳಲ್ಲಿ ಬೋಲ್ಟು ಸಿಕ್ಕಿದ್ದರೆ ಅದು ಕಲ್ಲಿನಂತೆ ಅಲುಗದೆ ನಿಲ್ಲುವುದು. ಎರಡು ರೋಗಗಳಿಗೂ ಒಂದೇ ಔಷಧವೆಂಬುದು ಸಲ್ಲದು. ಆದರೆ ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಔಷಧ: ಪಾನಾದ ತುದಿಗೆ ಉದ್ದನೆಯ ಪೈಪು ಸಿಕ್ಕಿಸಿ, ಇಬ್ಬರು ಜೋತುಬೀಳುವುದು.

ಅದರ ಲೆಕ್ಕವನ್ನೊಮ್ಮೆ ಮಾಡಿ ನೋಡಿರಿ. 60 ಕಿಲೋಗ್ರಾಂ ತೂಕದ ಆಳು ಅರ್ಧ ಮೀಟರಿನ ಹಿಡಿಕೆಯ ತುದಿಯಲ್ಲಿ ತನ್ನ ಭಾರವನ್ನೆಲ್ಲ ಹಾಕಿದರೆ ಸುಮಾರು 294 ನ್ಯೂಟನ್-ಮೀಟರಿನಷ್ಟು ತಿರುಚುಬಲ ಉಂಟಾಗುವುದು. 12 ಮಿಲಿಮೀಟರ್ ದಪ್ಪದ ಒಳ್ಳೆಯ ಉಕ್ಕಿನ ಬೋಲ್ಟನ್ನು ಮುರಿಯಲು ಇದಕ್ಕಿಂತ ಬಹಳ ಕಡಿಮೆ ಬಲ ಸಾಕು. ಒಂದು ಮೀಟರಿನ ಪೈಪು ಹಾಕಿದವರಿಗೆ ಉಳಿಯುವುದು ಬೋಲ್ಟಿನ ತಲೆ ಮಾತ್ರ. ಇಲ್ಲವೆ ಬೆಸೆದ ನಟ್ಟು ಗಾಡಿಯ ಮೈಯಿಂದ ಕಿತ್ತು ಬಂದು, ಒಂದು ದಿನದ ಕೆಲಸ ಒಂದು ವಾರದ್ದಾಗುವುದು.

ಎಳೆಗಳಲ್ಲಿ ಸಿಕ್ಕಿದ ಬೋಲ್ಟಿಗೆ ಎಣ್ಣೆ, ಕಾಲ, ಉಷ್ಣ ಇವೇ ಮದ್ದು. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಸಂಜೆ ಹಾಕಿ ರಾತ್ರಿಯೆಲ್ಲ ಬಿಡಬೇಕು. ನೀರನ್ನು ಒಳಕ್ಕೊಯ್ದ ಕೇಶಾಕರ್ಷಣೆಯೇ ಎಣ್ಣೆಯನ್ನೂ ಒಯ್ಯುವುದು, ಆದರೆ ತನ್ನ ನಿಧಾನದಲ್ಲಿ. ಬೆಳಿಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಸಣ್ಣ ಪೆಟ್ಟು ಕೊಟ್ಟು, ಮೊದಲು ಬಿಗಿಯುವ ಕಡೆಗೆ ಎಳ್ಳಷ್ಟು ತಿರುವಿ, ಆಮೇಲೆ ಬಿಚ್ಚುವ ಕಡೆಗೆ ತಿರುವಿದರೆ ತುಕ್ಕಿನ ಪದರ ಸೀಳಿ ಎಣ್ಣೆಗೆ ದಾರಿಯಾಗುವುದು. ಅದಕ್ಕೂ ಬಗ್ಗದಿದ್ದರೆ ನಟ್ಟನ್ನು ಕಾಯಿಸಬಹುದು. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಏರಿಸುವ ಕಂಬಾರರು ಈ ತತ್ತ್ವವನ್ನು ಪುಸ್ತಕವಿಲ್ಲದೆ ಬಲ್ಲವರಾಗಿದ್ದರು: ಕಾದ ಬಳೆ ಹಿಗ್ಗುವುದು. ಉಕ್ಕು ಪ್ರತಿ ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುವುದರಿಂದ, 12 ಮಿಲಿಮೀಟರಿನ ನಟ್ಟು 300 ಡಿಗ್ರಿ ಕಾದರೆ ಅದರ ರಂಧ್ರ 0.043 ಮಿಲಿಮೀಟರಿನಷ್ಟು ದೊಡ್ಡದಾಗುವುದು. ಅತ್ಯಲ್ಪವೆಂದು ತೋರಿದರೂ ತುಕ್ಕಿನ ಬಂಧ ಕಳಚಲು ಎಷ್ಟೋ ವೇಳೆ ಅಷ್ಟೇ ಸಾಕಾಗುವುದು.

ಬುಷ್‌ನೊಳಗೆ ಅಂಟಿದ ಬೋಲ್ಟಿಗೆ ಇದೇ ಉಪಾಯ ಹೂಡುವುದು ಮಾತ್ರ ತಪ್ಪು. ಅಲ್ಲಿ ಹಿಗ್ಗಬೇಕಾದ ಕೊಳವೆಯ ಸುತ್ತ ರಬ್ಬರಿದೆ. ಜ್ವಾಲೆಯ ಶಾಖ ಹೊರಗಿನಿಂದ ಕೊಳವೆಗೆ ತಲುಪದು. ಬೋಲ್ಟಿನ ತಲೆಯನ್ನು ಕಾಯಿಸಿದರೆ ಬೋಲ್ಟೇ ಹಿಗ್ಗಿ ಕೊಳವೆಯನ್ನು ಇನ್ನಷ್ಟು ಒತ್ತುವುದು. ರಬ್ಬರು ಹೊತ್ತಿ ಉರಿಯುವುದು ಬೇರೆ. ಪಕ್ಕದ ಶಾಕ್ ಅಬ್ಸಾರ್ಬರ್ ಮುಚ್ಚಿದ ಪಾತ್ರೆಯಾದುದರಿಂದ ಕಾದರೆ ಸಿಡಿಯಲೂಬಹುದು. ಇಂಥ ಬೋಲ್ಟಿಗೆ ಒಂದು ರಾತ್ರಿ ಎಣ್ಣೆ ಹಾಕಿ, ತುದಿಯ ಎಳೆ ಕೆಡದಂತೆ ನಟ್ಟನ್ನು ಅದರ ಸಮಕ್ಕೆ ಕೂರಿಸಿ, ಒಂದಷ್ಟು ಬಡಿದು ನೋಡಬಹುದು. ಜರುಗಲಿಲ್ಲವೋ, ಗರಗಸವನ್ನು ಎತ್ತಿಕೊಳ್ಳಬೇಕು. ಬುಷ್‌ನ ಎರಡು ಪಕ್ಕಗಳಲ್ಲಿ, ಕಿವಿಗೂ ಬುಷ್‌ಗೂ ನಡುವೆ ಅಲಗು ತೂರಿಸಿ, ಕೊಳವೆಸಮೇತ ಬೋಲ್ಟನ್ನು ಕತ್ತರಿಸಿಬಿಟ್ಟರೆ ತೋಳು ಈಚೆ ಬರುವುದು. ಹೇಗೂ ಆ ಬುಷ್ ಎಸೆಯಬೇಕಾದುದೇ. ಗಾಡಿಯನ್ನು ಜಾಕಿನ ಮೇಲೆ ಮಾತ್ರ ನಿಲ್ಲಿಸಿ ಅಡಿಗೆ ತೂರುವ ಸಾಹಸ ಯಾರಿಗೂ ಬೇಡ. ಗಟ್ಟಿಯಾದ ಆನಿಕೆ ಕೊಟ್ಟೇ ಕೆಲಸಕ್ಕಿಳಿಯಬೇಕು.

ಇದೆಲ್ಲ ಮೇಸ್ತ್ರಿಗಳಿಗೆ ತಿಳಿಯದ ಸಂಗತಿಯೆ? ಖಂಡಿತ ಅಲ್ಲ. ಅವರಲ್ಲಿ ಅನೇಕರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಅವರನ್ನು ಪೈಪಿಗೆ ಜೋತುಬೀಳಿಸುವುದು ಗಿರಾಕಿಯ ಅವಸರ. “ಒಂದು ಬೋಲ್ಟಿಗೆ ಒಂದು ದಿನವೆ?” ಎಂದು ಕೇಳುವವರು, ಎಣ್ಣೆ ಇಳಿಯಲು ಬೇಕಾದ ರಾತ್ರಿಗೆ ಕೂಲಿ ಕೊಡಲೊಲ್ಲರು. ಕತ್ತರಿಸಿದ ಬೋಲ್ಟಿನ ಬದಲು ಸರಿಯಾದುದು ಗದಗಿನಿಂದಲೋ ಹುಬ್ಬಳ್ಳಿಯಿಂದಲೋ ಬರುವವರೆಗೆ ಕಾಯಲೂ ಒಲ್ಲರು. ಆಗ ಕುಂಟೆ, ಟ್ರೇಲರುಗಳಿಗೆ ಹಾಕುವ ಸಾಮಾನ್ಯ ಬೋಲ್ಟೊಂದು ಅಂಗಡಿಯಿಂದ ಬಂದು ಕಾರಿನ ತೋಳಿಗೆ ಸೇರುವುದು. ನಮ್ಮ ಮುಖ್ಯ ಆಕ್ಷೇಪ ಇಲ್ಲಿದೆ.

ಬೋಲ್ಟಿನ ತಲೆಯ ಮೇಲಿನ ಅಂಕಿಗಳನ್ನು ಓದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯಬೇಕು. 10.9 ಎಂದಿದ್ದರೆ, ಅದರ ಉಕ್ಕು ಚದರ ಮಿಲಿಮೀಟರಿಗೆ 1000 ನ್ಯೂಟನ್ ಎಳೆತದವರೆಗೆ ತುಂಡಾಗದು, ಅದರ ಹತ್ತರಲ್ಲಿ ಒಂಬತ್ತು ಪಾಲಿನವರೆಗೆ, ಎಂದರೆ 900ರವರೆಗೆ, ಶಾಶ್ವತವಾಗಿ ಹಿಗ್ಗದು ಎಂದರ್ಥ. ಸಾಮಾನ್ಯ ಮೆದು ಉಕ್ಕಿನ 4.6 ದರ್ಜೆಯ ಬೋಲ್ಟು 240ಕ್ಕೇ ಸೋಲುವುದು. ಕಣ್ಣಿಗೆ ಎರಡೂ ಒಂದೇ. ಬಿಗಿತ ಸೋತ ಬೋಲ್ಟು ಕಿವಿಗಳನ್ನು ಅದುಮಿ ಹಿಡಿಯಲಾರದೆ ಅಲ್ಲಾಡತೊಡಗುವುದು, ರಂಧ್ರ ಅಗಲವಾಗುವುದು, ಒಂದು ದಿನ ಬೋಲ್ಟು ಕತ್ತರಿಸಿ, ಓಡುವ ಗಾಡಿಯ ಚಕ್ರ ಮಡಿಚಿಕೊಳ್ಳುವುದು. ಕೆಂಪಗೆ ಕಾಯಿಸಿ ಬಿಡಿಸಿದ ಹಳೆಯ ಬೋಲ್ಟನ್ನೇ ಮತ್ತೆ ಹಾಕುವುದೂ ಇಷ್ಟೇ ಅಪಾಯಕರ, ಏಕೆಂದರೆ ಸುಮಾರು 425 ಡಿಗ್ರಿಯನ್ನು ಬಹಳವಾಗಿ ಮೀರಿ ಕಾದ ಈ ಉಕ್ಕು ತನ್ನ ಹದವನ್ನು ಕಳೆದುಕೊಳ್ಳುವುದು. ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿರಿ. ಅಂಥ ಕಂಬಗಳ ತುಂಡುಗಳನ್ನು ಜೋಡಿಸುವ ಬೋಲ್ಟುಗಳನ್ನು ದರ್ಜೆ ನೋಡಿ ಆರಿಸಿ, ಬಿಗಿತವನ್ನು ಅಳೆದು ಹಾಕುವರು. ಗುಡ್ಡದ ಮೇಲಿನ ಯಂತ್ರಕ್ಕೆ ಸಲ್ಲುವ ಈ ಮರ್ಯಾದೆ, ಅದರ ಬುಡದ ರಸ್ತೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಿಗೂ ಸಲ್ಲಬೇಡವೆ?

ಹೊಸ ಬೋಲ್ಟನ್ನು ಹಾಕುವಾಗ ಕೊಳವೆಯೊಳಗೆ ಸೇರುವ ಅದರ ನುಣುಪು ಮೈಗೆ ಗ್ರೀಸ್ ಲೇಪಿಸಿದರೆ ನೀರಿಗೆ ಸಂದು ಸಿಗದು. ಎಳೆಗಳಿಗೆ ಮಾತ್ರ ತಯಾರಕರು ಹೇಳದ ಹೊರತು ಹಚ್ಚಲಾಗದು. ಬಿಗಿಯುವಾಗ ನಾವು ಹಾಕುವ ಬಲದಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುವುದು, ಉಳಿದುದೆಲ್ಲ ಘರ್ಷಣೆಗೆ ವೆಚ್ಚ. ಘರ್ಷಣೆ ತಗ್ಗಿದರೆ ಅಳತೆಯ ಬಲವೇ ಅತಿಯಾಗುವುದು. ಕೊನೆಯ ಬಿಗಿತವನ್ನು ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದಾಗಲೇ ಕೊಡಬೇಕು. ತೋಳು ಜೋತಾಡುವಾಗ ಬಿಗಿದರೆ, ಗಾಡಿ ಇಳಿದೊಡನೆ ರಬ್ಬರು ತಿರುಚಿಕೊಂಡು ಬೇಗ ಹರಿಯುವುದು.

ನಮ್ಮ ಶಾಲೆಗಳ ಮೂರು ಪ್ರನಾಳಗಳ ಪಕ್ಕದಲ್ಲಿ ಇನ್ನೊಂದು ಪ್ರಯೋಗಕ್ಕೆ ಸ್ಥಳ ಮಾಡಿಕೊಡಬೇಕೆಂದು ಅಧ್ಯಾಪಕರಲ್ಲಿ ನಮ್ಮ ಬಿನ್ನಹ. ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಒಂದೊಂದು ಶಾಲೆಯವರು ಗ್ಯಾರೇಜಿನಿಂದ ಹಳೆಯ ಒಳಕೊಳವೆಗಳನ್ನು ತಂದು ಒಳಗೆ ಉಜ್ಜಿ ಶುಚಿಮಾಡಿ, ಅವುಗಳಲ್ಲಿ ಬೋಲ್ಟುಗಳನ್ನು ತೂರಿಸಲಿ. ಕೆಲವಕ್ಕೆ ಗ್ರೀಸ್ ಹಚ್ಚಿ, ಕೆಲವನ್ನು ಹಾಗೆಯೇ ಬಿಡಲಿ. ತಮ್ಮ ತಮ್ಮ ಊರಿನ ಎರೆ, ಮಸಾರಿ, ಸವಳುಗಳ ಕೆಸರನ್ನು ಮೆತ್ತಿ, ಜೂನಿನಿಂದ ದೀಪಾವಳಿಯವರೆಗೆ ವಾರಕ್ಕೊಮ್ಮೆ ನೀರು ಚಿಮುಕಿಸಲಿ. ಅನಂತರ ಕೊಳವೆಯನ್ನು ಹಿಡಿಗೆ ಕಚ್ಚಿಸಿ, ಬೋಲ್ಟಿಗೆ ತೂಕಗಳನ್ನು ತೂಗುಹಾಕುತ್ತ, ಎಷ್ಟು ಕಿಲೋಗ್ರಾಮಿಗೆ ಅದು ಜರುಗಿತೆಂಬುದನ್ನು ಬರೆದಿಡಲಿ. ಮೂರು ಊರುಗಳ ಅಂಕಿಗಳೂ ಈ ಪತ್ರಿಕೆಗೆ ಬಂದರೆ ಅಕ್ಕಪಕ್ಕದಲ್ಲಿಯೇ ಅಚ್ಚುಮಾಡುವೆವು.