ಡಿಗ್ರಿ ಆಯ್ತು, ಕಾಗದ ಎಲ್ಲಿ?

ಹಾಸ್ಟೆಲ್ ಗೆಳೆಯರೇ,

ಕಡೇ ಪರೀಕ್ಷೆ ಮುಗಿದ ದಿನ ಟ್ರಂಕು ಕಟ್ಟಿ, ಫೋಟೊ ಹಿಡಿಸಿಕೊಂಡು ಬಸ್ ಹತ್ತುತ್ತೇವೆ. ತೆಂಗಳಿಯಲ್ಲೋ ಸೇಡಂನಲ್ಲೋ ಚಿಂಚೋಳಿಯಲ್ಲೋ ಇಳಿದಾಗ ಅವ್ವ ಕೇಳ್ತಾಳೆ: "ಮುಗೀತೇನಪ್ಪಾ ಸಾಲಿ?" ಮುಗೀತು ಅಂತೀವಿ. ಮುಗಿದಿರೋದಿಲ್ಲ. ಅವತ್ತೇ ಇನ್ನೊಂದು ಸಾಲಿ ಶುರು. ಅದಕ್ಕೆ ವಾರ್ಡನ್ ಇಲ್ಲ, ಊಟದ ಗಂಟೆ ಇಲ್ಲ, ಪಾಠ ಹೇಳೋರೂ ಇಲ್ಲ.

ಮೇಲಿನವರ ಹುಡುಗನಿಗೆ ಆ ಪಾಠ ಮನೆಯಲ್ಲೇ ಆಗಿರುತ್ತದೆ. ಅಪ್ಪ ಗುಮಾಸ್ತ, ಮಾವ ಮಾಸ್ತರ, ಕಾಕಾ ವಕೀಲ. ಯಾವ ಅರ್ಜಿ ಯಾವ ಮೇಜಿಗೆ ಹೋಗಬೇಕು ಅನ್ನೋದು ಉಣ್ಣುವಾಗಲೇ ಕಿವಿಗೆ ಬಿದ್ದಿರುತ್ತದೆ. ನಮ್ಮಪ್ಪ ಶಹಾಬಾದಿನ ಪರ್ಸಿ ಖಣಿಯಲ್ಲೋ ಇನ್ನೊಬ್ಬರ ತೊಗರಿ ಹೊಲದಲ್ಲೋ ದುಡಿದವನು. ಅವನಿಗೆ ಕಚೇರಿ ಅಂದರೆ ಕೈಮುಗಿದು ಹೊರಗೆ ನಿಲ್ಲುವ ಜಾಗ. ಆ ಹೆದರಿಕೆ ನಮ್ಮ ಮೈಯಲ್ಲೂ ಇದೆ. ಅದನ್ನು ಬಿಡದೆ ಡಿಗ್ರಿ ಪೂರ್ತಿಯಾಗುವುದಿಲ್ಲ.

ನನ್ನದೇ ತಪ್ಪು ಹೇಳುತ್ತೇನೆ. ಒಂದು ನೇಮಕಾತಿಗೆ ಅರ್ಜಿ ಹಾಕಿದೆ. 371(ಜೆ) ಅರ್ಹತಾ ಪ್ರಮಾಣಪತ್ರ ಆಮೇಲೆ ಮಾಡಿಸಿದರಾಯ್ತು ಅಂದುಕೊಂಡೆ. ಅರ್ಜಿಯ ಕೊನೆ ದಿನ ಕಳೆದ ಮೇಲೆ ಕೈಗೆ ಬಂತು, ಲೆಕ್ಕಕ್ಕೆ ಹಿಡಿಯಲಿಲ್ಲ. ನನಗಿಂತ ಕಡಿಮೆ ಅಂಕದವನ ಹೆಸರು ಪಟ್ಟಿಯಲ್ಲಿತ್ತು. ಅಪ್ಪ ಕೇಳಿದ: "ಓದಿದ್ದು ಸಾಲಲಿಲ್ಲೇನೋ?" ಓದು ಸಾಕಿತ್ತು, ಒಂದು ಹಾಳೆ ಕಡಿಮೆ ಬಿದ್ದಿತ್ತು.

ಆ ಹಾಳೆಯ ಬೆಲೆ ನೋಡಿ. ಸಂವಿಧಾನದ 371(ಜೆ) ವಿಧಿಯ ಮೇಲೆ 2013ರಲ್ಲಿ ಬಂದ ಆದೇಶದಂತೆ ನಮ್ಮ ಭಾಗದ ಸ್ಥಳೀಯ ಹುದ್ದೆಗಳಲ್ಲಿ ಸಿ ಗುಂಪಿನ ನೂರಕ್ಕೆ 80, ಡಿ ಗುಂಪಿನ ನೂರಕ್ಕೆ 85 ನಮ್ಮ ಭಾಗದವರಿಗೇ. ಪ್ರಮಾಣಪತ್ರ ಕೊಡುವವರು ಸಹಾಯಕ ಆಯುಕ್ತರು. ನಮ್ಮ ಕಡೆಗೆ ಸೇಡಂನಲ್ಲಿ ಅವರ ಕಚೇರಿ ಇದೆ. ಕಡೇ ವರ್ಷದಲ್ಲಿರುವಾಗಲೇ ಮಾಡಿಸಿ ಇಟ್ಟುಕೊಳ್ಳಿ. ಹಳ್ಳಿ ಸಾಲಿಯಲ್ಲಿ, ಕನ್ನಡದಲ್ಲಿ ಓದಿದವರು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನೂ ಹೆಡ್‌ಮಾಸ್ತರರು ನಿವೃತ್ತಿಯಾಗುವ ಮೊದಲೇ ಬರೆಸಿಕೊಳ್ಳಿ.

ಜಾತಿ ಪ್ರಮಾಣಪತ್ರ ಕೊಡುವವರು ತಹಶೀಲ್ದಾರರು. ಅರ್ಜಿ ನಾಡಕಚೇರಿಯಲ್ಲಿ. ನಿಮ್ಮ ಟಿ.ಸಿ.ಯಲ್ಲಿ 'ಹರಿಜನ' ಅಂತ ಬರೆದಿದೆಯೇ ನೋಡಿ. ಪರಿಶಿಷ್ಟರ ಪಟ್ಟಿಯಲ್ಲಿ ಆ ಹೆಸರಿನ ಜಾತಿಯೇ ಇಲ್ಲ. ಹೊಲೆಯ, ಮಾದಿಗ, ಆದಿ ಕರ್ನಾಟಕ ಇವೆ. ಯಾರೋ ಇಟ್ಟ ಹೆಸರಿಗೆ ನಾವು ತಿರುಗಾಡಿ ಸಾಯಬೇಕಾಗುತ್ತದೆ. ಬೌದ್ಧರಾದವರು ಹೆದರಬೇಕಿಲ್ಲ, 1990ರ ತಿದ್ದುಪಡಿಯ ನಂತರ ಬೌದ್ಧ ಅಂತ ಬರೆಸಿದರೂ ಪರಿಶಿಷ್ಟರ ಹಕ್ಕು ಹೋಗುವುದಿಲ್ಲ. ಅಕ್ಕ-ತಂಗಿಯರೇ, ಮದುವೆಯಾದರೂ ಜಾತಿ ಪ್ರಮಾಣಪತ್ರ ತಂದೆಯ ಜಾತಿಯ ಮೇಲೆಯೇ. ಅಸಲು ಕಾಗದಗಳನ್ನು ಯಾರ ಟ್ರಂಕಿಗೂ ಒಪ್ಪಿಸಬೇಡಿ.

ಸ್ಕಾಲರ್‌ಶಿಪ್ ಬರಲಿಲ್ಲ, ಫೀ ಬಾಕಿ ಅಂತ ಕಾಲೇಜು ಅಸಲು ಮಾರ್ಕ್ಸ್ ಕಾರ್ಡ್ ಹಿಡಿದಿಟ್ಟರೆ ಸುಮ್ಮನೆ ವಾಪಸ್ ಬರಬೇಡಿ. ಅಸಲು ಕಾಗದ ಹಿಡಿದಿಡಬಾರದು ಅಂತ ಯು.ಜಿ.ಸಿ. 2018ರಲ್ಲೇ ಹೇಳಿದೆ. ಬಾಯಿಂದ ಕೇಳಬೇಡಿ, ಬರೆದು ಕೊಟ್ಟು ಸಹಿ-ಸಿಕ್ಕಾ ಹಾಕಿಸಿಕೊಳ್ಳಿ. ಯಾವ ಕಚೇರಿಗೆ ಅರ್ಜಿ ಕೊಟ್ಟರೂ ಸಕಾಲದ ಸ್ವೀಕೃತಿ ಕೇಳಿ. 2011ರ ಆ ಕಾಯ್ದೆಯಂತೆ ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರವಿದೆ. ದುಡ್ಡು ಸಣ್ಣದು. "ನಾಳೆ ಬಾ" ಅನ್ನುವವನಿಗೆ ನಮ್ಮ ಕೈಯಲ್ಲಿ ಚೀಟಿ ಇದೆ ಅನ್ನೋದು ಸಣ್ಣದಲ್ಲ.

ಕೆಲಸ ಸಿಕ್ಕಿತು ಅನ್ನಿ. ಖೋಲಿ ಬೇಕಲ್ಲ? "ನಿಮ್ದು ಯಾವ ಮಂದಿ?" ಅನ್ನುವ ಪ್ರಶ್ನೆ ಕಾದಿರುತ್ತದೆ. ಬಾಬಾಸಾಹೇಬರು ಅಮೆರಿಕ, ಲಂಡನ್‌ನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಇಡೀ ಊರಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹದಲ್ಲಿದ್ದರು. ಗೊತ್ತಾದ ಮೇಲೆ ಬಡಿಗೆ ಹಿಡಿದು ಬಂದು ಹೊರಹಾಕಿದರು. ಡಿಗ್ರಿಯೊಂದೇ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ಕಲಬುರಗಿ, ಬೆಂಗಳೂರಿನಲ್ಲಿ ನೆಲೆ ನಿಂತ ಅಣ್ಣ-ಅಕ್ಕಂದಿರು ಹೊಸದಾಗಿ ಬಂದವರಿಗೆ ಒಂದು ತಿಂಗಳಾದರೂ ಜಾಗ ಕೊಡಬೇಕು. ಬಂದವರು ಹೆಸರು ಮುಚ್ಚಿಟ್ಟುಕೊಂಡು ಬದುಕಬಾರದು. ಬಾಡಿಗೆ ಕರಾರು ಬರೆಸಿಕೊಳ್ಳಿ, ಮತದಾರರ ಪಟ್ಟಿಗೆ ಹೊಸ ವಿಳಾಸ ಸೇರಿಸಿ.

ಕೆಲವು ಗೆಳೆಯರು ನಗುತ್ತಾರೆ: "ಕಾಗದದ ಹಿಂದೆ ಓಡೋದು ಚಳವಳಿನಾ?" ಹೌದು, ಇದೂ ಚಳವಳಿಯೇ. ಸಭೆಯಲ್ಲಿ ಕೂಗಿ ಪಡೆದ ಹಕ್ಕನ್ನು ಕಚೇರಿಯ ಮೇಜಿನ ಮೇಲೆ ಕಳೆದುಕೊಂಡರೆ ಕೂಗಿದ್ದು ಯಾರಿಗಾಗಿ? ಒಬ್ಬೊಬ್ಬನೇ ಅಲೆದರೆ ಅದು ಅವನ ಕಷ್ಟ. ಹತ್ತು ಜನ ಕೂಡಿ ಹೋದರೆ ಗುಮಾಸ್ತ ತಲೆ ಎತ್ತಿ ನೋಡುತ್ತಾನೆ.

ಸಮಾಜ ಕಲ್ಯಾಣ ಇಲಾಖೆಯ ಪ್ರತಿ ಹಾಸ್ಟೆಲ್ಲಿನಲ್ಲೂ ಕಡೇ ವರ್ಷದವರಿಗೆ ಈ ಪಾಠ ಆಗಬೇಕು ಅಂತ ಕೇಳೋಣ. ಇಲಾಖೆ ಮಾಡುವ ತನಕ ಕಾಯುವುದು ಬೇಡ. ಬರುವ ಭಾನುವಾರ ನಿಮ್ಮ ಹಾಸ್ಟೆಲ್ಲಿನಲ್ಲಿ ಎಲ್ಲರೂ ತಮ್ಮ ಕಾಗದ ತಂದು ಒಂದೇ ಚಾಪೆ ಮೇಲೆ ಹರಡಿ. ಯಾರದು ಏನಿಲ್ಲ, ಯಾರ ಹೆಸರು ಎಲ್ಲಿ ತಪ್ಪಿದೆ, ಬರೆದುಕೊಳ್ಳಿ. ಸೋಮವಾರ ಕೂಡಿ ಕಚೇರಿಗೆ ಹೋಗಿ. ಒಳಗೆ ಹೋಗಿ, ಕುರ್ಚಿ ಇದ್ದರೆ ಕೂತುಕೊಂಡು ಮಾತಾಡಿ.