‘ಇಂಡಿಯಾ’ ಅಲ್ಲ, ‘ಇಂಡಿಯನ್’ ಅಂತ ಬರೀರಿ ಸ್ವಾಮಿ!

ಚಳ್ಳಕೆರೆ, ಮೊಳಕಾಲ್ಮೂರಿನ ಯಾವುದೇ ಬ್ಯಾಂಕು, ಕಚೇರಿಯ ಮುಂದೆ ಅರ್ಧ ಗಂಟೆ ನಿಂತು ನೋಡಿ. ಜನ ಬೆವರುವುದು ಬಿಸಿಲಿಗಲ್ಲ, ಅರ್ಜಿ ಫಾರಂಗೆ. ಹೆಸರು ಬರೆದಾಯ್ತು, ತಂದೆಯ ಹೆಸರು ಬರೆದಾಯ್ತು. ‘ನ್ಯಾಷನಾಲಿಟಿ’ ಎಂಬ ಕಾಲಂ ಬಂತೋ, ಪೆನ್ನು ನಿಂತೇ ಹೋಯ್ತು! ಒಬ್ಬರು ‘ಹಿಂದೂ’ ಅಂತ ಬರೀತಾರೆ, ಇನ್ನೊಬ್ಬರು ‘ಕರ್ನಾಟಕ’ ಅಂತಾರೆ, ಮತ್ತೊಬ್ಬರು ಜಾತಿ ಹೆಸರು ಗೀಚುತ್ತಾರೆ. ಸ್ವಲ್ಪ ಓದಿದವರಾದರೆ ‘ಇಂಡಿಯಾ’.

“ತಪ್ಪಾಗಿದೆ ಕಣ್ರೀ, ಬೇರೆ ಫಾರಂ ತುಂಬ್ಕೊಂಡ್ ಬನ್ನಿ” ಎಂದು ಗುಮಾಸ್ತರು ಕಾಗದ ವಾಪಸ್ ತಳ್ಳುತ್ತಾರೆ. ಅವರಿಗೆ ಅದು ಒಂದು ಮಾತು. ಪರಶುರಾಂಪುರದಿಂದಲೋ ದೇವಸಮುದ್ರದಿಂದಲೋ ಬಂದವರಿಗೆ ಅಂದಿನ ಕೂಲಿ ಹೋಯ್ತು, ಬಸ್ ಚಾರ್ಜು ಹೋಯ್ತು. ಹೊರಗೆ ಫಾರಂ ತುಂಬಿಕೊಡುವವರ ಜೇಬು ಮಾತ್ರ ತುಂಬಿತು.

ವಿಷಯ ಅಷ್ಟು ಕಷ್ಟದ್ದೇನಲ್ಲ. “ನಿಮ್ಮದು ಯಾವ ಊರು?” ಅಂದರೆ “ಚಳ್ಳಕೆರೆ” ಅನ್ನುತ್ತೇವೆ. “ನೀವು ಎಲ್ಲಿಯವರು?” ಅಂದರೆ “ಚಳ್ಳಕೆರೆಯವರು” ಅನ್ನುತ್ತೇವೆ. ಇಂಗ್ಲಿಷಿನಲ್ಲೂ ಅದೇ ಲೆಕ್ಕ. ‘ಕಂಟ್ರಿ’ ಅಂದರೆ ದೇಶ, ಅಲ್ಲಿ ‘ಇಂಡಿಯಾ’. ‘ನ್ಯಾಷನಾಲಿಟಿ’ ಅಂದರೆ ಯಾವ ದೇಶದವರು ಎಂಬ ಪ್ರಶ್ನೆ, ಅಲ್ಲಿ ‘ಇಂಡಿಯನ್’. ‘ಇಂಡಿಯಾ’ದ ಕೊನೆಗೆ ಒಂದು ‘ಎನ್’ ಸೇರಿಸಿದರೆ ಮುಗೀತು. ಮೊದಲ ಅಕ್ಷರ ದೊಡ್ಡದಿರಲಿ. ಆದರೆ ‘ಸಿಟಿಜನ್ ಆಫ್’ ಎಂದು ಮೊದಲೇ ಅಚ್ಚಾಗಿದ್ದರೆ ಅದರ ಮುಂದೆ ‘ಇಂಡಿಯಾ’ ಎಂದೇ ಬರೆಯಬೇಕು. ನಮ್ಮ ಪಾಸ್‌ಪೋರ್ಟಿನಲ್ಲೂ ರಾಷ್ಟ್ರೀಯತೆಯ ಜಾಗದಲ್ಲಿ ‘ಇಂಡಿಯನ್’ ಎಂದೇ ಅಚ್ಚಾಗಿರುತ್ತದೆ.

ಗಡಿ ತಾಲೂಕಿನವರಿಗೆ ಇನ್ನೊಂದು ಅಳುಕು. ರಾಯದುರ್ಗದ ಹೆಣ್ಣುಮಗಳು ಮದುವೆಯಾಗಿ ಮೊಳಕಾಲ್ಮೂರಿಗೆ ಬಂದಿದ್ದಾಳೆ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ. ಆಕೆ ಏನು ಬರೆಯಬೇಕು? ಹುಟ್ಟಿದ ಸ್ಥಳದ ಕಾಲಂನಲ್ಲಿ ಆಂಧ್ರಪ್ರದೇಶ, ರಾಷ್ಟ್ರೀಯತೆಯ ಕಾಲಂನಲ್ಲಿ ಇಂಡಿಯನ್. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರಕ್ಕೆ ಸೇರಿತು. ನಮ್ಮ ಈ ಎರಡು ತಾಲೂಕುಗಳು ಮೈಸೂರು ಸಂಸ್ಥಾನದಲ್ಲಿದ್ದವು; ಮೈಸೂರು ರಾಜ್ಯಕ್ಕೆ 1973ರ ನವೆಂಬರ್ 1ರಂದು ಕರ್ನಾಟಕ ಎಂದು ಹೆಸರಾಯ್ತು. ಗಡಿ ಸರಿಯಿತು, ಹೆಸರು ಬದಲಾಯಿತು, ಪೌರತ್ವ ಮಾತ್ರ ಒಂದೇ. ರಾಜ್ಯಕ್ಕೊಂದು ಪೌರತ್ವ ನಮ್ಮ ಸಂವಿಧಾನದಲ್ಲಿಲ್ಲ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಪೌರತ್ವ ಹೇಗೆ ಬಂತು ಎಂದೂ ಕೇಳುತ್ತಾರೆ. ನಮ್ಮೂರಿನ ಹೆಚ್ಚಿನವರದು ‘ಬೈ ಬರ್ತ್’, ಹುಟ್ಟಿನಿಂದ. 1955ರ ಪೌರತ್ವ ಕಾಯಿದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರೊಳಗೆ ಇಲ್ಲಿ ಹುಟ್ಟಿದವರು ಸಾಮಾನ್ಯವಾಗಿ ಹುಟ್ಟಿನಿಂದಲೇ ನಾಗರಿಕರು. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರಿಂದ ಆಚೆಗೆ ನಿಯಮ ಇನ್ನೂ ಬಿಗಿ: ಇಬ್ಬರೂ ನಾಗರಿಕರಿರಬೇಕು, ಇಲ್ಲವೇ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಮಕ್ಕಳ ಜನನ ಪತ್ರ ಜೋಪಾನವಾಗಿ ಇಟ್ಟುಕೊಳ್ಳಿ ಎಂದು ಹೇಳುವುದು ಇದಕ್ಕೇ.

“ಆಧಾರ್ ಕಾರ್ಡ್ ಐತಲ್ಲ, ಸಾಲದೇ?” ಎನ್ನುವವರೂ ಉಂಟು. ಸಾಲದು. ಅದು ಗುರುತಿನ ಚೀಟಿ. ಪೌರತ್ವಕ್ಕಾಗಲೀ ವಾಸಸ್ಥಳಕ್ಕಾಗಲೀ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯಿದೆಯೇ ಹೇಳುತ್ತದೆ. ಮತದಾರರ ಪಟ್ಟಿಗೆ ಸೇರಲು ಕೊಡುವ ಅರ್ಜಿಯಲ್ಲಿ ‘ನಾನು ಭಾರತದ ನಾಗರಿಕ’ ಎಂಬ ಘೋಷಣೆ ಇರುತ್ತದೆ. ಸುಳ್ಳು ಘೋಷಣೆಗೆ ಶಿಕ್ಷೆಯೂ ಉಂಟು. ಅದನ್ನು ಓದದೆ ಸಹಿ ಹಾಕಿ ಬರುವವರೇ ಜಾಸ್ತಿ.

ತಪ್ಪೆಲ್ಲಾ ಜನರದ್ದೇ ಅಂದರೆ ನ್ಯಾಯವಲ್ಲ. ಖಾತೆ ತೆರೆಯುವ ಫಾರಂ, ಹಣ ಕಟ್ಟುವ ಚೀಟಿ ಎಲ್ಲವೂ ಇಂಗ್ಲಿಷ್, ಹಿಂದಿ ಜೊತೆಗೆ ಆಯಾ ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ತಾಕೀತು ಮಾಡಿದೆ. ರಾಜ್ಯದಲ್ಲಿ ಆಡಳಿತ ಭಾಷೆಯ ಕಾಯಿದೆ ಬಂದದ್ದು 1963ರಲ್ಲಿ. ಹಾಗಿದ್ದೂ ಮಗ್ಗದ ಕೆಲಸ ಬಿಟ್ಟು ಬಂದ ನೇಕಾರರು, ಕಡಲೇಕಾಯಿ ಮಾರಿ ಬಂದ ರೈತರು ಬರೀ ಇಂಗ್ಲಿಷ್ ಕಾಗದ ಹಿಡಿದು ಕಂಡಕಂಡವರ ಮುಖ ನೋಡಬೇಕೇ?

ಮಾಡಬೇಕಾದ್ದು ಇಷ್ಟೇ: ಪ್ರತಿ ಕೌಂಟರಿನ ಪಕ್ಕ ತುಂಬಿದ ಮಾದರಿ ಫಾರಂ ಒಂದನ್ನು ಗೋಡೆಗೆ ಅಂಟಿಸಿ, ಪ್ರತಿ ಕಾಲಂ ಎದುರಿಗೆ ಕನ್ನಡದಲ್ಲಿ ಅರ್ಥ ಬರೆಸಿ. ಒಂದು ಹಾಳೆ, ಒಂದಿಷ್ಟು ಅಂಟು. ಇಷ್ಟಕ್ಕೆ ಮೇಲಿನಿಂದ ಆರ್ಡರ್ ಬರಬೇಕೇ? ಈ ದೇಶದವರೇ ಆಗಿ, ಈ ದೇಶದವರೆಂದು ಬರೆಯಲಾಗದೆ ಜನ ವಾಪಸ್ ಬಸ್ ಹತ್ತುವುದು ಯಾರಿಗೂ ಶೋಭೆಯಲ್ಲ. ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವರೇ?